ಅಪ್‌ಡೇಟ್: ಡಬಲ್ ಬಾಸ್, ಪಿಯಾನೋ ಜೋಡಿ ಕೊನೆಗೂ ಕೂಡಿಬಂತು
ಡಬಲ್ ಬಾಸ್ (ಪಿಟೀಲಿನ ಆಕಾರದ, ತಗ್ಗು ದನಿಯ ದೊಡ್ಡ ತಂತಿವಾದ್ಯ) ಕಲಿಯುತ್ತಿರುವ ಮಗಳು ಪಿಯಾನೋ ಜೊತೆ ನುಡಿಸಲು ಸುಲಭದ್ದೇನಿದೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಮೊದಲು ನನ್ನ ಎಡವಟ್ಟು ಹೇಳಿಬಿಡುತ್ತೇನೆ. ತಂದ ಪುಸ್ತಕದ ಪಿಯಾನೋ ಭಾಗ ಸೋಲೋ ಟ್ಯೂನಿಂಗ್‌ಗೆ ಬರೆದದ್ದು. ಅದರಲ್ಲಿ ತಂತಿಗಳನ್ನು ಒಂದು ಪೂರ್ತಿ ಸ್ವರ ಏರಿಸಿರುತ್ತಾರೆ. ಇವಳ ತಂತಿಗಳು ಮಾಮೂಲಿ ಆರ್ಕೆಸ್ಟ್ರಾ ಟ್ಯೂನಿಂಗ್‌ನವು: ಇ, ಎ, ಡಿ, ಜಿ. ಇಬ್ಬರೂ ಸರಿಯಾಗಿ ನುಡಿಸಿದರೂ ಕಿವಿ ಮುಚ್ಚಿಕೊಳ್ಳುವ ಹಾಗಿತ್ತು! ಪಾಪ, ಸುಮ್ನೆ ಅವಳನ್ನು ಬೈದೆ. ಆಮೇಲೆ ಆರ್ಕೆಸ್ಟ್ರಾ ಟ್ಯೂನಿಂಗ್‌ನ ಪ್ರತಿ ತರಿಸಿದೆ, ಸರಿಹೋಯಿತು.

ಫ್ರೆಂಚ್ ಸಂಗೀತ ರಚನಕಾರ ಸಾಂ-ಸಾನ್ಸ್ 1886ರಲ್ಲಿ ಬರೆದ ‘ಆನೆ’ ಮುದ್ದಾಗಿದೆ, ಆದರೆ ಎಡಗೈ ಜಾಸ್ತಿ ಓಡಾಡಬೇಕು. ಸದ್ಯಕ್ಕೆ ಬದಿಗಿಟ್ಟಿದ್ದೇವೆ. ಮೊದಲ ಪೊಸಿಷನ್‌ನಲ್ಲೇ (ಎಡಗೈ ವಾದ್ಯದ ಕುತ್ತಿಗೆಯ ಮೇಲ್ತುದಿಯ ಹತ್ತಿರವೇ ಇಟ್ಟು) ಮುಗಿಯುವ ನಿಧಾನದ ರಾಗಗಳು ಸಾಕು. ಪಿಯಾನೋದವರು ಎಡಗೈಯನ್ನು ಹಗುರವಾಗಿ ನುಡಿಸಿದರೆ ಬಾಸ್ ಚೆನ್ನಾಗಿ ಕೇಳುತ್ತದೆ.