ಅಂಗಳದಲ್ಲಿ ಎರಡು ಬೊಡ್ಡೆ, ಒಂದು ತೆಂಗು ಒಂದು ಗುಲ್‌ಮೊಹರ್. ಹೇಗೆ ತೆಗೆಸೋದು?

ಹಿತ್ತಲು_ಮೈಸೂರು:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮದು 40-60 ಸೈಟು, ಹಳೇ ಮನೆ. ಮುಂದಿನ ಅಂಗಳದಲ್ಲಿ ಎರಡು ಬೊಡ್ಡೆ ಉಳಿದುಕೊಂಡಿವೆ. ಒಂದು ತೆಂಗಿನದು, ಸುಳಿ ಒಣಗಿಹೋಯಿತು ಅಂತ ಕಡಿಸಿದ್ದು. ಇನ್ನೊಂದು ಗುಲ್‌ಮೊಹರ್. ಅದರ ಬೇರಿಗೆ ಕಾಂಪೌಂಡ್ ಗೋಡೆ ಬಿರುಕು ಬಿಟ್ಟಿತ್ತು, ವೃಕ್ಷ ಅಧಿಕಾರಿಗಳ ಅನುಮತಿ ಪಡೆದೇ ಕಡಿಸಿದೆವು. ಕಡಿಯಲು ಬಂದವರು ಸೌದೆ ಎಲ್ಲ ಲಾರಿಗೆ ತುಂಬಿಕೊಂಡು, ಬೊಡ್ಡೆದು ಬೇರೆ ಲೆಕ್ಕ ಮೇಡಂ ಅಂತ ಹೊರಟೇಬಿಟ್ಟರು. ಎರಡೂ ಸುಮಾರು ಎರಡು ಅಡಿ ಎತ್ತರ ಇವೆ.

ಈಗ ಆ ಜಾಗಕ್ಕೆ ಪೇವರ್ ಹಾಕಿಸಿ ಕಾರು ನಿಲ್ಲಿಸಬೇಕು. ಜೆಸಿಬಿ ಕರೆಸೋಣ ಅಂದರೆ ಗೇಟು ಏಳು ಅಡಿ ಅಷ್ಟೇ, ಒಳಗೆ ಬಂದರೆ ಎದುರಿಗೇ ಸಂಪು. ಅತ್ತೆ ತೂತು ಕೊರೆದು ಇಂಗು ತುಂಬಿಸು ಅನ್ನುತ್ತಾರೆ, ಪಕ್ಕದ ಮನೆಯವರು ಕಲ್ಲುಪ್ಪು ಇಲ್ಲಾಂದ್ರೆ ಆಸಿಡ್ ಅನ್ನುತ್ತಾರೆ, ನಮ್ಮ ಮನೆಯವರು ಸೀಮೆಎಣ್ಣೆ ಹಾಕಿ ಸುಟ್ಟುಬಿಡೋಣ ಅನ್ನುತ್ತಾರೆ. ಗುಲ್‌ಮೊಹರ್ ಆಗಲೇ ಸುತ್ತ ಚಿಗುರುತ್ತಿದೆ. ಯಾರಾದರೂ ಮಾಡಿಸಿದವರಿದ್ದರೆ ಹೇಳಿ.

ತಿಪಟೂರು_ಕಾಯಿ:

ಮೇಡಂ, ಎರಡಕ್ಕೂ ಒಂದೇ ಮದ್ದು ಹುಡುಕಬೇಡಿ. ತೆಂಗಿಗೆ ತಾಯಿಬೇರು ಇಲ್ಲ, ಬುಡದ ಗಡ್ಡೆಯಿಂದ ಪೆನ್ಸಿಲ್ ದಪ್ಪದ ಬೇರು ಸಾವಿರಗಟ್ಟಲೆ ಹೊರಟಿರುತ್ತವೆ. ಸುಳಿ ಹೋದ ಮೇಲೆ ಅದು ಮತ್ತೆ ಚಿಗುರುವುದೂ ಇಲ್ಲ. ಅಂದರೆ ಅದನ್ನು ಸಾಯಿಸುವ ಪ್ರಶ್ನೆಯೇ ಇಲ್ಲ, ಆಗಲೇ ಸತ್ತಿದೆ. ಇನ್ನು ಉಪ್ಪಿನ ಮಾತು. ನಾವು ತೆಂಗಿಗೆ ಗೊಬ್ಬರದ ಜೊತೆ ಉಪ್ಪು ಹಾಕುವ ಜನ, ಅದಕ್ಕೆ ಉಪ್ಪು ತೋರಿಸಿ ಹೆದರಿಸಿದರೆ ಏನು ಪ್ರಯೋಜನ. ಕೆಡುವುದು ನಿಮ್ಮ ಮಣ್ಣು ಅಷ್ಟೇ.

ತೆಂಗಿನ ಬೊಡ್ಡೆಯಲ್ಲಿ ಹೊರಸುತ್ತು ಗಟ್ಟಿ, ಒಳಗೆ ಮೆತ್ತಗೆ. ಹಾಗಾಗಿ ಕೊಡಲಿ ಹಿಡಿದು ಹೊರಗಿನಿಂದ ಬಡಿಯುತ್ತಾ ಕೂರಬೇಡಿ. ಸುತ್ತ ಒಂದೂವರೆ ಅಡಿ ಬಿಟ್ಟು ಗುಂಡಿ ತೋಡಿಸಿ, ಚೂಪು ಹಾರೆಯಿಂದ ಬೇರು ಕತ್ತರಿಸುತ್ತಾ ಕೆಳಗಿಳಿದರೆ ಗಡ್ಡೆ ಸಡಿಲ ಆಗುತ್ತದೆ. ಇಬ್ಬರು ಕೆಲಸದವರಿಗೆ ಇದು ದೊಡ್ಡ ಕೆಲಸ ಅಲ್ಲ.

ಒಂದು ಕೇಳಬೇಕಿತ್ತು, ಮನೆಯಲ್ಲಿ ಬೇರೆ ತೆಂಗಿನ ಮರ ಇದೆಯಾ? ಕಡಿಯುವ ಮುಂಚೆ ಕಾಂಡದ ಬುಡದಲ್ಲಿ ಕಂದುಬಣ್ಣದ ರಸ ಸೋರುತ್ತಿತ್ತಾ, ಅಣಬೆ ಎದ್ದಿತ್ತಾ?

ಗುದ್ದಲಿ_ಪಿಕಾಸಿ:

ಗುಲ್‌ಮೊಹರ್ ಬಗ್ಗೆ ನಾನು ಹೇಳುತ್ತೇನೆ. ಅದರ ಬೇರು ಆಳಕ್ಕಿಂತ ಅಗಲಕ್ಕೆ ಜಾಸ್ತಿ ಹೋಗುತ್ತದೆ, ನಿಮ್ಮ ಗೋಡೆ ಬಿರುಕು ಬಿಟ್ಟಿದ್ದೂ ಅದಕ್ಕೇ. ಕೈಯಲ್ಲಿ ತೆಗೆಯುವವರಿಗೆ ಇದು ಒಳ್ಳೆಯದೇ, ದಪ್ಪ ಬೇರುಗಳೆಲ್ಲ ಮೇಲೇ ಸಿಗುತ್ತವೆ. ಹಿಂದಿನ ದಿನ ಸಂಜೆ ಬುಡಕ್ಕೆ ಚೆನ್ನಾಗಿ ನೀರು ಬಿಡಿ. ಬೆಳಿಗ್ಗೆ ಸುತ್ತ ಎರಡು ಅಡಿ ಅಗಲ ಬಿಡಿಸಿ, ಪೈಪ್ ಹಿಡಿದು ಬೇರಿಗೆ ಅಂಟಿದ ಮಣ್ಣನ್ನು ತೊಳೆಯಿರಿ. ಇದನ್ನು ಯಾರೂ ಮಾಡುವುದಿಲ್ಲ, ಆಮೇಲೆ ಕಲ್ಲು ಮಣ್ಣಿಗೆ ತಗುಲಿ ಚೈನ್ ಸಾ ಹಲ್ಲು ಮೊಂಡಾಯಿತು, ಕೊಡಲಿ ಬಾಯಿ ಹೋಯಿತು ಅಂತ ಗೊಣಗುತ್ತಾರೆ. ಒಂದೊಂದು ಬೇರನ್ನೂ ಎರಡು ಕಡೆ ಕತ್ತರಿಸಿ ನಡುವಿನ ತುಂಡು ತೆಗೆದುಬಿಡಬೇಕು, ಒಂದೇ ಕಡೆ ಕತ್ತರಿಸಿದರೆ ಬೊಡ್ಡೆ ಅಲುಗಾಡಿಸಲು ಜಾಗವೇ ಇರುವುದಿಲ್ಲ.

ಎರಡು ಅಡಿ ಎತ್ತರ ಬಿಟ್ಟಿದ್ದಾರಲ್ಲ, ಅದು ನಿಮ್ಮ ಪುಣ್ಯ. ದಯವಿಟ್ಟು ನೆಲಮಟ್ಟಕ್ಕೆ ಕೊಯ್ಯಿಸಬೇಡಿ. ಚೈನ್ ಪುಲ್ಲಿ ಹಾಕಿ ಎಳೆಯಲು ಆ ಎತ್ತರವೇ ಹಿಡಿ. ಪುಲ್ಲಿಯ ಇನ್ನೊಂದು ತುದಿಯನ್ನು ಗೇಟಿನ ಕಂಬಕ್ಕೋ ಗೋಡೆಯ ಪಿಲ್ಲರಿಗೋ ಕಟ್ಟಲು ಬಿಡಬೇಡಿ, ಬೊಡ್ಡೆ ಬರುವ ಮುಂಚೆ ಅದೇ ಬಂದೀತು. ಗೋಡೆಯ ಪಾಯದ ಕೆಳಗೆ ನುಗ್ಗಿರುವ ಬೇರನ್ನು ಮಾತ್ರ ಎಳೆಯಬಾರದು, ಪಾಯದ ಅಂಚಿಗೆ ಕತ್ತರಿಸಿ ಅಲ್ಲೇ ಬಿಡಿ.

ಬೆಂಕಿ ಬೇಡವೇ ಬೇಡ. ಹಸಿ ಬೊಡ್ಡೆ ಉರಿಯುವುದಿಲ್ಲ. ಒಣಗಿದ್ದರೆ ಬೇರು ಹಿಡಿದು ನೆಲದೊಳಗೆ ದಿನಗಟ್ಟಲೆ ಕನಲುತ್ತಾ ಹೋಗುತ್ತದೆ, ಅಲ್ಲೇ ನಿಮ್ಮ ಪಿವಿಸಿ ಪೈಪೂ ಇದೆ. ಆಸಿಡ್ ಸುರಿದರೂ ಅದೇ ಕಥೆ, ಪಕ್ಕದಲ್ಲಿ ಕುಡಿಯುವ ನೀರಿನ ಸಂಪಿದೆ. ಇಂಗನ್ನು ಅತ್ತೆಯವರು ಸಾರಿಗೆ ಹಾಕಲಿ. ಕಳೆನಾಶಕ ಬಳಿಯಿರಿ ಅಂತಲೂ ಯಾರಾದರೂ ಹೇಳಿಯಾರು. ಗ್ಲೈಫೋಸೇಟ್ ಅನ್ನುವ ಕಳೆನಾಶಕವನ್ನು ಕೀಟ ನಿಯಂತ್ರಣ ಮಾಡುವವರ ಮೂಲಕವೇ ಬಳಸಬೇಕು ಅಂತ ಕೇಂದ್ರ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿದೆ. ಅಲ್ಲದೆ ಅದು ಚಿಗುರು ನಿಲ್ಲಿಸುತ್ತದೆ, ಬೊಡ್ಡೆಯನ್ನು ಎತ್ತಿ ಆಚೆ ಹಾಕುವುದಿಲ್ಲ. ಬೇರುಸಹಿತ ಕೀಳಿಸುವವರಿಗೆ ಅದರ ಗೊಡವೆ ಯಾಕೆ?

ಕೂಲಿ ಮಾತಾಡುವಾಗ ದಿನಗೂಲಿ ಒಪ್ಪಬೇಡಿ. ಎರಡು ಬೊಡ್ಡೆ ತೆಗೆದು, ಸಾಗಿಸಿ, ಗುಂಡಿ ಮುಚ್ಚುವುದಕ್ಕೆ ಒಟ್ಟು ಇಷ್ಟು ಅಂತ ಗುತ್ತಿಗೆ ಕೊಡಿ.

ಸುಮ್ನೆ_ಓದುಗ:

ಇಷ್ಟೆಲ್ಲಾ ಯಾಕೆ ಸಾರ್, ತೆಂಗಿನ ಬೊಡ್ಡೆ ನಡುವೆ ಟೊಳ್ಳು ಮಾಡಿ ಸಗಣಿ ಗೊಬ್ಬರ ತುಂಬಿ ಗಿಡ ನೆಟ್ಟರೆ ಎಷ್ಟು ಚೆಂದ ಕಾಣುತ್ತೆ ಅಲ್ವಾ?

ಹಿತ್ತಲು_ಮೈಸೂರು:

ಅಲ್ಲಿ ಕಾರು ನಿಲ್ಲಿಸಬೇಕು ಸಾರ್ 😀 ತಿಪಟೂರಿನವರೇ, ಹಿತ್ತಲಿನಲ್ಲಿ ಇನ್ನೆರಡು ತೆಂಗು ಇವೆ, ಕಾಯಿ ಚೆನ್ನಾಗಿ ಬಿಡುತ್ತವೆ. ಅಣಬೆ ನೋಡಿದ ನೆನಪಿಲ್ಲ, ರಸ ಸೋರುತ್ತಿರಲಿಲ್ಲ. ಸುಳಿಯ ಹತ್ತಿರ ತೂತುಗಳಿದ್ದವು.

ತಿಪಟೂರು_ಕಾಯಿ:

ಹಾಗಾದರೆ ಅಣಬೆ ರೋಗ ಇರಲಿಕ್ಕಿಲ್ಲ, ಹುಳದ ಕೆಲಸ ಇದ್ದೀತು. ಅಣಬೆ ರೋಗ ಆಗಿದ್ದರೆ ಬೊಡ್ಡೆ, ಬೇರು ಎಲ್ಲವನ್ನೂ ತೆಗೆದು ಸುಡಲೇಬೇಕಿತ್ತು, ಅದು ಮಣ್ಣಿನ ಮೂಲಕ ಪಕ್ಕದ ಮರಕ್ಕೆ ಹೋಗುತ್ತದೆ. ಆದರೂ ಬೊಡ್ಡೆಯನ್ನು ಕೊಳೆಯಲು ಬಿಡಬೇಡಿ. ಕುರುವಾಯಿ ದುಂಬಿ ಮೊಟ್ಟೆ ಇಡುವುದೇ ಕೊಳೆತ ತೆಂಗಿನ ಕಾಂಡದಲ್ಲಿ ಮತ್ತು ತಿಪ್ಪೆಯಲ್ಲಿ. ಸುಮ್ನೆ ಓದುಗರು ಹೇಳಿದ ಹಾಗೆ ಬೊಡ್ಡೆಗೇ ಸಗಣಿ ತುಂಬಿದರೆ ದುಂಬಿಗೆ ಹೆರಿಗೆ ಮನೆ ಕಟ್ಟಿಕೊಟ್ಟ ಹಾಗೆ. ಹೊರಬಂದ ದುಂಬಿ ನೇರ ಹಿತ್ತಲಿನ ಮರಗಳ ಸುಳಿಗೆ ಹೋಗುತ್ತದೆ, ಅದು ಮಾಡಿದ ಗಾಯಕ್ಕೆ ಕೆಂಪು ಮೂತಿ ಹುಳ ಬರುತ್ತದೆ. ತೆಗೆದ ಬೊಡ್ಡೆಯನ್ನೂ ಮೂಲೆಯಲ್ಲಿ ಬಿಸಾಡಿ ಮರೆಯಬೇಡಿ, ಸೀಳಿಸಿ ಬಿಸಿಲಿಗೆ ಒಣಹಾಕಿ ನೀರೊಲೆಗೆ ಹಾಕಿ.

ಡಲ್ಲಾಸ್_ಕನ್ನಡಿಗ:

ಇಲ್ಲಿ ಅಮೆರಿಕದಲ್ಲಿ ಸ್ಟಂಪ್ ಗ್ರೈಂಡರ್ ಬಾಡಿಗೆಗೆ ಸಿಗುತ್ತದೆ, ಬೊಡ್ಡೆಯನ್ನು ನೆಲದಿಂದ ಅರ್ಧ ಅಡಿ, ಒಂದಡಿ ಕೆಳಗಿನವರೆಗೂ ಪುಡಿ ಮಾಡಿಬಿಡುತ್ತದೆ. ಅಗೆಯುವ ಮುಂಚೆ 811ಕ್ಕೆ ಫೋನ್ ಮಾಡಿದರೆ ಗ್ಯಾಸ್, ಕರೆಂಟ್ ಲೈನ್ ಎಲ್ಲಿದೆ ಅಂತ ಪುಕ್ಕಟೆ ಗುರುತು ಹಾಕಿ ಹೋಗುತ್ತಾರೆ. ನೀವು, ಮನೆ ಕಟ್ಟಿಸಿದಾಗ ಪೈಪ್ ಎಳೆದ ಪ್ಲಂಬರ್ ಇನ್ನೂ ಸಿಗುತ್ತಾರಾ ನೋಡಿ, ಒಮ್ಮೆ ಕರೆಸಿ ಕೇಳಿ. ಗ್ರೈಂಡರ್ ಹುಲ್ಲುಹಾಸಿಗೆ ಸರಿ, ಕಾರು ನಿಲ್ಲುವ ಜಾಗಕ್ಕೆ ನಾನಾದರೆ ಬಳಸುವುದಿಲ್ಲ. ಕೆಳಗೆ ಉಳಿದ ಬೇರು ಕೊಳೆತಂತೆ ನೆಲ ಕುಸಿಯುತ್ತದೆ.

ಗುದ್ದಲಿ_ಪಿಕಾಸಿ:

ಸರಿಯಾಗಿ ಹೇಳಿದಿರಿ. ಮೇಡಂ, ಗುಂಡಿಗೆ ಮರದ ಚೂರು, ಗೋಡೆ ಒಡೆದ ಕಸ ತುಂಬಲು ಬಿಡಬೇಡಿ, ಚೂರು ಇದ್ದರೆ ಗೆದ್ದಲು ಬರುತ್ತದೆ. ಅರ್ಧರ್ಧ ಅಡಿ ಮಣ್ಣು ಹಾಕಿ, ನೀರು ಬಿಟ್ಟು, ದಿಮ್ಮಸು ಹೊಡೆಸಿ. ಎಷ್ಟೇ ಹೊಡೆಸಿದರೂ ಒಂದು ಮಳೆಗಾಲ ಕಳೆದರೆ ಸ್ವಲ್ಪ ಇಳಿದೇ ಇಳಿಯುತ್ತದೆ. ಪೇವರಿನವರಿಗೆ ಈಗಲೇ ಅಡ್ವಾನ್ಸ್ ಕೊಡಬೇಡಿ.