ಸಹಾಯ ಬೇಕು: ಕ್ರೆಸ್ಸಿ ಯುದ್ಧನೌಕೆಯಲ್ಲಿ ಕವಚದ ತೂಕಕ್ಕೆ ಜಾಗ ಎಲ್ಲಿಂದ ಬಂತು?
ಹಳೇ ಬ್ರಿಟಿಷ್ ಯುದ್ಧನೌಕೆಗಳಾದ ಕ್ರೂಸರ್‌ಗಳ ಬಗ್ಗೆ ತಿಳಿದೋರು ಯಾರಾದ್ರೂ ಇದ್ದೀರಾ? ರಷ್ಯಾದ ಕ್ರೂಸರ್ ರೂರಿಕ್‌ಗೆ ಉತ್ತರ ಅಂತ ಕಟ್ಟಿ 1895ರಲ್ಲಿ ನೀರಿಗಿಳಿಸಿದ ಪವರ್‌ಫುಲ್, ಟೆರಿಬಲ್ ಹಡಗುಗಳದ್ದು ತಲಾ ಸುಮಾರು 14,000 ಟನ್, 48 ಬೆಲ್‌ವಿಲ್ ಮಾದರಿಯ ಬಾಯ್ಲರ್. ಅಷ್ಟು ದೊಡ್ಡ ಮೈಗೆ ಪಕ್ಕದಲ್ಲಿ ಕವಚದ ಪಟ್ಟಿಯೇ ಇಲ್ಲ, ಒಳಗೆ ಬಾಗಿದ ಉಕ್ಕಿನ ಡೆಕ್ಕೇ ಗತಿ! ಆಮೇಲೆ ಬಂದ ಕ್ರೆಸ್ಸಿ ಸುಮಾರು 12,000 ಟನ್ನಿಂದು, ಅದಕ್ಕೆ ನೋಡಿದ್ರೆ 6 ಇಂಚಿನ ಪಟ್ಟಿ. ಎರಡೂ ಬ್ರಿಟಿಷ್ ಹಡಗು ವಿನ್ಯಾಸಕ ವಿಲಿಯಂ ವೈಟ್ ಅವರ ವಿನ್ಯಾಸವೇ.

ಓದಿದ ಕಡೆಯೆಲ್ಲ ‘ಕ್ರುಪ್ ಉಕ್ಕು ಬಂತು, ತೆಳು ಕವಚ ಸಾಕಾಯ್ತು’ ಅಂತ ಒಂದೇ ಸಾಲು (ಕ್ರುಪ್ ಅಂದ್ರೆ ಜರ್ಮನಿಯ ಕ್ರುಪ್ ಕಂಪನಿಯ ಹೆಚ್ಚು ಗಟ್ಟಿಯಾದ ಕವಚದ ಉಕ್ಕು). ಎರಡರ ನಕ್ಷೆ ಪಕ್ಕಪಕ್ಕ ಇಟ್ಟು ನೋಡಿದ್ರೂ ತೂಕದ ಲೆಕ್ಕ ಕೂಡ್ತಿಲ್ಲ. ಕ್ರೆಸ್ಸಿಯಲ್ಲಿ ಬಾಯ್ಲರ್ 30ಕ್ಕೆ ಇಳಿದಿತ್ತು. ಹಾಗಾದ್ರೆ ಪಟ್ಟಿಯ ತೂಕಕ್ಕೆ ಜಾಗ ಸಿಕ್ಕಿದ್ದು ಮುಖ್ಯವಾಗಿ ಕ್ರುಪ್ ಉಕ್ಕಿನಿಂದಲೋ, ಬಾಯ್ಲರ್-ಎಂಜಿನ್ ಕಡಿತದಿಂದಲೋ?