ಸಹಾಯ ಬೇಕು: ಕೈಮಾ ಕಡ್ಡಿ ಮನೇಲಿ ಒಣಗಿಸೋದು ಹೇಗೆ?

ಚಿತ್ರದುರ್ಗದಿಂದ ನಮಸ್ಕಾರ. ತಂಗಿ ಮಗ ಅಮೆರಿಕದಿಂದ ಒಣಮಾಂಸದ ಕಡ್ಡಿ ತಂದಿದ್ದ. ಕಚ್ಚಿದ್ರೆ ಮೇಲಿನ ತೆಳು ಪೊರೆ ಟಪ್ ಅನ್ನುತ್ತೆ, ಒಳಗೆ ಮೆತ್ತಗೆ, ಚೂರು ಹುಳಿ. ನಮ್ಮವ್ವ ಕುರಿ ಬಾಡನ್ನ ಉದ್ದುದ್ದ ಸೀಳಿ, ಉಪ್ಪು ಅರಿಶಿನ ಖಾರ ಹಚ್ಚಿ, ಮಾಳಿಗೆ ಮೇಲೆ ದಾರಕ್ಕೆ ಪೋಣಿಸಿ ಒಣಗಿಸ್ತಿದ್ಲು. ಅದು ಚಕ್ಕೆ ಥರ ಗಟ್ಟಿ, ಕೆಂಡದಲ್ಲಿ ಸುಟ್ಟು ಜಜ್ಜಿದ್ರೇನೇ ಹಲ್ಲಿಗೆ ದಕ್ಕೋದು. ಜರ್ಕಿ ಅಂತ ಅಮೆರಿಕದ ಇನ್ನೊಂದು ಒಣಮಾಂಸನೂ ಹಾಗೇ, ಅರೆಯದ ಇಡೀ ಮಾಂಸದ ಪಟ್ಟಿ. ಈ ಕಡ್ಡಿ ಮಾತ್ರ ಕೈಮಾ. ಅರೆದಾಗ ಮೇಲಿನ ಕ್ರಿಮಿ ಒಳಗೂ ಸೇರುತ್ತೆ, ಹಾಗಾಗಿ ಬರೀ ಬಿಸಿಲು ಸಾಲಲ್ಲ, ಒಳಗಡೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ನನ್ನ ಹತ್ರ ಇರೋದು ಚಿಕ್ಕ ಓವನ್. ಮೊದಲು ಬೇಯಿಸಿ ಆಮೇಲೆ ಒಣಗಿಸ್ಲಾ? ಪೊರೆಗೆ ಕುರಿ ಕರುಳು ಬಳಸಿದವ್ರು ಇದೀರಾ? ಮಾಡಿ ನೋಡಿದವ್ರು ಹೇಳಿ, ಪ್ಲೀಸ್. ಮೊದಲ ಸಲದ್ದು ಅರ್ಧ ಕೆಜಿ ತಿಪ್ಪೆ ಸೇರಿದೆ.